ಪೆರ್ಡೂರಿನ ಗದ್ದೆಯಂಚಿನ ಹಾಡುಗಾರ

ಉಡುಪಿಯಿಂದ ಮಣಿಪಾಲ, ಹಿರಿಯಡಕ ದಾಟಿ ಆಗುಂಬೆಯ ದಾರಿಯಲ್ಲಿ ಸಾಗಿದರೆ ಸುಮಾರು 20 ಕಿ.ಮೀ. ದೂರದಲ್ಲಿ ಪೆರ್ಡೂರು. ಹೊರಗಿನವರು ಈ ಊರನ್ನು ಬಲ್ಲದ್ದು ಎರಡು ಕಾರಣಕ್ಕೆ. ಒಂದು, ಬಾಳೆಹಣ್ಣಿನ ಸೇವೆಗೆ ಹೆಸರಾದ ಅನಂತಪದ್ಮನಾಭ ದೇವಸ್ಥಾನ. ಇನ್ನೊಂದು, ಬಡಗುತಿಟ್ಟಿನ ಪೆರ್ಡೂರು ಮೇಳ. ಮೂರನೆಯದು ಗದ್ದೆಯಂಚಿನ ಪೊದೆಯಲ್ಲಿದೆ. ಅದಕ್ಕಾಗಿ ಯಾರೂ ಇಲ್ಲಿ ಬಸ್ಸಿಳಿದಂತಿಲ್ಲ.

ಅದು ಬಿಳಿ ಬೆನ್ನಿನ ರಾಟವಾಳ. ಗುಬ್ಬಿಗಿಂತ ಚಿಕ್ಕದು. ಕಡು ಕಂದು ಮೈ, ಬಿಳಿ ಹೊಟ್ಟೆ, ಹಾರಿದಾಗ ಬಾಲದ ಬುಡದಲ್ಲಿ ಕಾಣುವ ಬಿಳಿ ಪಟ್ಟಿ. ಭತ್ತ ಬಲಿಯುವ ಹೊತ್ತಿಗೆ ಹಿಂಡು ಕಟ್ಟಿಕೊಂಡು ಬರುವ ಇದಕ್ಕೆ ಬೇಸಾಯಗಾರರಿಂದ ಸಿಗುವುದು ಬೈಗುಳವೇ. ಮಡಿವಾಳ ಹಕ್ಕಿಯಂತೆ ಊರಿಗೆಲ್ಲ ಕೇಳಿಸುವ ಕಂಠವೂ ಇದಕ್ಕಿಲ್ಲ. ಹಾಡುವುದು ಗಂಡು ಮಾತ್ರ, ಅದೂ ಪಿಸುಗುಟ್ಟಿದ ಹಾಗೆ.

ಈ ಬಡಪಾಯಿಯ ನೆಂಟರು ವಿಜ್ಞಾನಲೋಕದಲ್ಲಿ ದೊಡ್ಡ ಮನುಷ್ಯರು! ಇದೇ ಜಾತಿಯ ಹಕ್ಕಿಗಳು ಸುಮಾರು 250 ವರ್ಷಗಳ ಹಿಂದೆ ಚೀನಾದಿಂದ ಜಪಾನಿಗೆ ಹೋದವು. ಪಂಜರದಲ್ಲಿ ತಲೆಮಾರುಗಟ್ಟಲೆ ಬೆಳೆದು ‘ಬೆಂಗಾಲೀಸ್ ಫಿಂಚ್’ ಎನಿಸಿಕೊಂಡವು. (ಬಂಗಾಳಕ್ಕೂ ಅವಕ್ಕೂ ಸಂಬಂಧವಿಲ್ಲ, ಆ ಮಾತು ಬೇರೆ.) ಪಂಜರದ ಹಕ್ಕಿಯ ಹಾಡು ಕಾಡಿನ ಮೂಲ ಹಕ್ಕಿಯ ಹಾಡಿಗಿಂತ ಹೆಚ್ಚು ತಿರುವುಗಳದ್ದು ಎಂದು ತೋರಿಸಿದವರು ಜಪಾನಿನ ಕಜುವೊ ಒಕನೋಯ.

ಗಂಡು ಎರಡು ಬಗೆಯಲ್ಲಿ ಹಾಡುತ್ತದೆ. ಹೆಣ್ಣಿನೆದುರು ಹಾಡುವಾಗ ಸ್ವರ ಅತ್ತಿತ್ತ ಅಲುಗದು, ಗತಿ ತುಸು ಚುರುಕು. ತನ್ನಷ್ಟಕ್ಕೆ ಹಾಡಿಕೊಳ್ಳುವಾಗ ಅದೇ ಹಾಡು ಸಡಿಲ. ಸ್ವರ ಒಮ್ಮೆ ಏರಿದರೆ ಒಮ್ಮೆ ಇಳಿಯುತ್ತದೆ. ನಮ್ಮ ಕಿವಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಮಿದುಳಿನಲ್ಲಿ ಮಾತ್ರ ಅದು ಢಾಳಾಗಿದೆ. ಆಸ್ಟ್ರೇಲಿಯಾ ಮೂಲದ ಜೀಬ್ರಾ ಫಿಂಚ್ ಹಕ್ಕಿಯಲ್ಲಿ ಎರಿಕ್ ಜಾರ್ವಿಸ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ತೋರಿಸಿದರು: ಹಾಡು ಒಂದೇ ಆದರೂ, ಯಾರಿಗಾಗಿ ಹಾಡುತ್ತಿದೆ ಎಂಬುದರ ಮೇಲೆ ಮಿದುಳಿನ ಕೆಲವು ಕೇಂದ್ರಗಳಲ್ಲಿ ಜೀನ್‌ಗಳ ಚಟುವಟಿಕೆಯೇ ಬದಲಾಗುತ್ತದೆ.

ಹಾಡಿಗೆ ಮಿದುಳಿನಲ್ಲಿ ಎರಡು ದಾರಿಗಳಿವೆ. ಒಂದು ಕಂಠದ ಸ್ನಾಯುಗಳಿಗೆ ನೇರ ಆಜ್ಞೆ ಕೊಡುವಂಥದ್ದು. ಇನ್ನೊಂದು ಮುಂಭಾಗದಲ್ಲಿ ಸುತ್ತು ಹಾಕಿ ಬರುವ ಬಳಸುದಾರಿ; ಹಾಡಿನಲ್ಲಿ ಏರುಪೇರು ಬೆರೆಸುವುದು ಇದರ ಕೆಲಸ. ಒಂಟಿಯಾಗಿ ಹಾಡುವಾಗ ಇಲ್ಲಿನ ಕೋಶಗಳು ಮನಬಂದಂತೆ ಮಿಡಿಯುತ್ತವೆ. ಹೆಣ್ಣು ಎದುರಿಗೆ ಬಂದರೆ ತಣ್ಣಗಾಗುತ್ತವೆ. 2005ರ ಪ್ರಯೋಗವೊಂದರಲ್ಲಿ ಈ ದಾರಿಯ ಕೊನೆಯ ಕೇಂದ್ರವನ್ನು ತೆಗೆದಾಗ ಒಂಟಿ ಹಾಡೂ ಬಿಗಿಯಾಯಿತು. ಮರಿಯಲ್ಲಿ ಅದೇ ಕೇಂದ್ರವನ್ನು ತೆಗೆದರೆ ಅದು ಹಾಡನ್ನು ಸರಿಯಾಗಿ ಕಲಿಯುವುದೇ ಇಲ್ಲ ಎಂಬುದು 1984ರಲ್ಲೇ ತಿಳಿದಿತ್ತು. ಅಂದರೆ ಆ ತಡವರಿಕೆ ಅಡ್ಡಾದಿಡ್ಡಿ ಅಲ್ಲ, ಅಭ್ಯಾಸ.

ಮೇಳದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರು ಮನೆಯ ಜಗಲಿಯಲ್ಲಿ ಗುನುಗುವಾಗ ಪದ್ಯವನ್ನು ಎಳೆದು ಜಗ್ಗಿ ನೋಡಬಹುದು. ರಂಗಸ್ಥಳದಲ್ಲಿ ಚೆಂಡೆ ಎದ್ದ ಮೇಲೆ, ವೇಷ ಕುಣಿಯುತ್ತಿರುವಾಗ, ಆ ಪ್ರಯೋಗಕ್ಕೆಲ್ಲ ಜಾಗವೆಲ್ಲಿ?

ರಾಟವಾಳದ ಹಾಡು ಕೇಳಬೇಕೆಂದರೆ ಬೆಳಿಗ್ಗೆಯೇ ಗದ್ದೆಬದುವಿಗೆ ಹೋಗಿ. ಹುಲ್ಲಿನ ಚೆಂಡಿನಂಥ ಗೂಡು ಕಂಡರೆ ದೂರವೇ ಕೂತುಕೊಳ್ಳಿ. ಮೈಗರಿ ಉಬ್ಬಿಸಿ ಹೆಣ್ಣಿನೆದುರು ಕುಪ್ಪಳಿಸುತ್ತಿದ್ದರೆ ಅದು ರಂಗಸ್ಥಳದ ಹಾಡು. ಕೊಂಬೆಯಲ್ಲಿ ಸುಮ್ಮನೆ ಕೂತು ಕೊಕ್ಕು ಮಾತ್ರ ಅಲುಗಿಸುತ್ತಿದ್ದರೆ ಜಗಲಿಯದು. ಪಕ್ಕದಲ್ಲಿ ಇನ್ನೊಂದು ರಾಟವಾಳ ಕತ್ತು ಬಗ್ಗಿಸಿ, ಹಾಡುವವನ ಕೊಕ್ಕಿನ ಹತ್ತಿರಕ್ಕೇ ಕಿವಿ ತಂದು ಕೇಳುತ್ತಿರಲೂಬಹುದು.