ಅಂಗಿಯ ಜೇಬು

ಸೆರೆ ಕಂಡು ಬಂದವನನ್ನು ಊರು ಸುಲಭವಾಗಿ ಮರೆಯುವುದಿಲ್ಲ. ಅವನು ಹದಿನೇಳರ ಹುಡುಗನಾದರಂತೂ ಮುಂದೆ ಬದುಕುವಷ್ಟು ಕಾಲವೂ ನೆನಪಿಟ್ಟುಕೊಳ್ಳುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಒಂದರ ಮಗ್ಗುಲಿಗೆ ಒಂದು ಒರಗಿಕೊಂಡಿರುವ ಊರುಗಳು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಮುಂಜಾನೆ ಆಡಿದ ಮಾತು ಸಂಜೆಯೊಳಗೆ ಅಥಣಿಯ ಚಪ್ಪಲಿ ಅಂಗಡಿ ಮುಟ್ಟುತ್ತದೆ. ಕಬ್ಬಿನ ಗಾಡಿಯೇರಿ ಉಗಾರದ ಸಕ್ಕರೆ ಕಾರಖಾನೆಯವರೆಗೂ ಹೋಗುತ್ತದೆ. ‘ಬೈಕು ಕದ್ದ ಹುಡುಗ’ ಎಂಬ ಬಿರುದು ಹೀಗೆಯೇ, ಆ ಹುಡುಗ ಮನೆ ಸೇರುವ ಮೊದಲೇ ಊರು ಸೇರಿತ್ತು.

ಅವನ ಹೆಸರು ಇಲ್ಲಿ ಬೇಡ. ಅಚ್ಚು ಹಾಕಬಾರದೆಂದು 2015ರ ಬಾಲ ನ್ಯಾಯ ಕಾಯ್ದೆಯೂ ಹೇಳುತ್ತದೆ. ಕಾಯ್ದೆ ಇನ್ನೂ ಉದಾರವಾಗಿದೆ: ಪ್ರಕರಣ ಮುಗಿದ ಮೇಲೆ ನಡತೆಯ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಾಲಕನ ದಾಖಲೆಯನ್ನು ಬಯಲು ಮಾಡುವಂತಿಲ್ಲ. ಆದರೇನು! ಓಣಿಯ ಕಟ್ಟೆಗೆ ಯಾವ ಕಲಮು ಅನ್ವಯಿಸುತ್ತದೆ?

ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ, 1929ರ ಕಾಯ್ದೆಯ ಮೇರೆಗೆ, ಅಪರಾಧಿ ತರುಣರನ್ನು ಧಾರವಾಡದ ಬೋರ್ಸ್ಟಲ್ ಶಾಲೆಗೆ ಕಳುಹಿಸುವ ರೂಢಿಯಿತ್ತು. ಈಗ ಬಾಲ ನ್ಯಾಯ ಮಂಡಳಿಯಿದೆ. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆಗೆ ಇಬ್ಬರು ಸಮಾಜಸೇವಕರು ಕುಳಿತುಕೊಳ್ಳುತ್ತಾರೆ, ಅವರಲ್ಲೊಬ್ಬರು ಮಹಿಳೆ. ಹುಡುಗ ಕೆಲವು ತಿಂಗಳು ವೀಕ್ಷಣಾಲಯದಲ್ಲಿದ್ದು, ತಾಯಿ ಬರೆದುಕೊಟ್ಟ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದ. ತಾಯಿ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳು. ಮಗನನ್ನು ಹಗಲೆಲ್ಲ ಕಾಯುವುದು ಅವಳಿಂದ ಆಗದ ಮಾತು. ಅವನನ್ನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಿಸುವ ಭಾರವನ್ನು ಚಿಕ್ಕೋಡಿಯ ಒಬ್ಬ ನಿವೃತ್ತ ಮಾಸ್ತರರು ತಾವಾಗಿಯೇ ಹೊತ್ತುಕೊಂಡರು. ಸಂಬಳವಿಲ್ಲ, ಸನ್ಮಾನವಿಲ್ಲ. ಬಸ್ಸಿನ ಖರ್ಚೂ ಅವರದೇ.

ಮಾಸ್ತರರಿಗೆ ಈ ಹುಚ್ಚು ಹತ್ತಿದ್ದು ಬಾಲ್ಯದಲ್ಲಿ. ಕಾಗವಾಡದಿಂದ ಗಡಿ ದಾಟಿದರೆ ಸಾಂಗಲಿ ಜಿಲ್ಲೆ. ಅಲ್ಲಿಯ ಆಟಪಾಡಿಯ ಬಳಿ 1939ರಲ್ಲಿ ಔಂಧದ ರಾಜರು, ಪೋಲೆಂಡಿನಿಂದ ಬಂದ ಇಂಜಿನಿಯರ್ ಮಾರಿಸ್ ಫ್ರಿಡ್ಮನ್ನರ ಸಲಹೆಯಂತೆ, ಸ್ವತಂತ್ರಪುರವೆಂಬ ಬಯಲು ಬಂದೀಖಾನೆಯನ್ನು ಸ್ಥಾಪಿಸಿದರು. ಕೈದಿಗಳು ಗೋಡೆಯಿಲ್ಲದ ನೆಲದಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಶಾಂತಾರಾಮರ 1957ರ ‘ದೋ ಆಂಖೇಂ ಬಾರಹ ಹಾಥ್’ ಚಿತ್ರಕ್ಕೆ ಸ್ಫೂರ್ತಿ ಅದೇ. ಎರಡು ಕಣ್ಣು, ಹನ್ನೆರಡು ಕೈ. ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತು ಆ ಚಿತ್ರ ನೋಡಿದ ದಿನವೇ ಮಾಸ್ತರರು, ಕಳ್ಳನನ್ನು ನಂಬುವುದು ಬಹಳ ಸುಲಭವೆಂದು ತೀರ್ಮಾನಿಸಿಬಿಟ್ಟಿದ್ದರು.

ಹುಡುಗ ವಾರಕ್ಕೆ ಮೂರು ಸಲ ಚಿಕ್ಕೋಡಿಗೆ ಬರತೊಡಗಿದ. ಕನ್ನಡ ಬೇಗ ಹಿಡಿದ. ಗಣಿತ ಮಾತ್ರ ಅವನನ್ನು ಹಿಡಿದು ಅಲುಗಿಸಿತು. ಎರಡು ತಿಂಗಳು ಹೀಗೆ ನಡೆಯಿತು.

ಒಂದು ದಿನ ಓಣಿಯಲ್ಲಿ ಯಾರದೋ ಮೊಬೈಲು ಕಳೆಯಿತು. ನಾಲ್ಕು ಜನ ಬಾಗಿಲಿಗೆ ಬಂದರು. “ಹುಡುಗ ನನ್ನ ಮುಂದ ಕುಂತಾನ, ಮುಂಜಾನಿಂದ ಎದ್ದಿಲ್ಲ” ಎಂದು ಮಾಸ್ತರರು ಗದರಿಸಿ ಕಳಿಸಿದರು. ಬಂದವರು ಗೊಣಗುತ್ತ ಹೋದರು. ಮಾಸ್ತರರು ಚಹಾ ಮಾಡಲು ಒಳಗೆ ಹೊರಟರು. ಹೊರಟವರು ಹಿಂದಿರುಗಿ, ಗೂಟಕ್ಕೆ ತೂಗುಹಾಕಿದ್ದ ತಮ್ಮ ಅಂಗಿಯನ್ನು ತೆಗೆದುಕೊಂಡು ಹೋದರು. ಅಂಗಿಯ ಜೇಬಿನಲ್ಲಿ ಪಿಂಚಣಿಯ ಹಣವಿತ್ತು. ಕೈ ಅದನ್ನು ಮಾಡಿದ್ದು ಮನಸ್ಸಿಗೆ ತಿಳಿದದ್ದು ಒಲೆಯ ಮುಂದೆ ನಿಂತ ಮೇಲೆ. ಹೊರಗೆ ಬಂದು ನೋಡಿದರೆ ಪುಸ್ತಕವಿತ್ತು, ಹುಡುಗನಿರಲಿಲ್ಲ.

ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಪರೀಕ್ಷೆ ಹತ್ತಿರ ಬಂತು. ಕೊನೆಗೆ ಮಾಸ್ತರರೇ ನಿಪ್ಪಾಣಿಯ ಬಸ್ಸು ಹತ್ತಿದರು.

“ಬರ್ರಿ ಮಾಸ್ತರ, ಕುಂದರ್ರಿ” ಎಂದಳು ತಾಯಿ, ಮಡಿಲಲ್ಲಿದ್ದ ಬೀಡಿಯ ಮೊರವನ್ನು ಬದಿಗಿಟ್ಟು. ಹುಡುಗ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಮಾಸ್ತರರು ಏನೂ ಹೇಳಲಿಲ್ಲ. ಸೆಕೆಯೆಂದು ಅಂಗಿ ಕಳಚಿ, ಬಾಗಿಲ ಪಕ್ಕದ ಗೂಟಕ್ಕೆ ಹಾಕಿ, ಕಾಲು ತೊಳೆಯುವ ನೆಪದಿಂದ ಹಿತ್ತಲಿಗೆ ಹೋದರು. ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತರು. ದಾರಿಯುದ್ದಕ್ಕೂ ಹೂಡಿಕೊಂಡು ಬಂದಿದ್ದ ಹೂಟವದು.

ಮರಳಿ ಬಂದಾಗ ಹುಡುಗ ಅಂಗಿಯನ್ನೇ ನೋಡುತ್ತಿದ್ದ.

“ಇದೂ ಪರೀಕ್ಷಾ ಏನ್ರೀ ಸರ?”

ನಲವತ್ತು ವರ್ಷ ತರಗತಿಯೆದುರು ನಿಂತ ಮನುಷ್ಯನಿಗೆ ಉತ್ತರ ಹೊಳೆಯಲಿಲ್ಲ. ತಾಯಿ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಏನೂ ತಿಳಿಯದು.

“ಹೌದಪಾ,” ಎಂದರು ಮಾಸ್ತರರು ತಡೆದು. “ಅವತ್ತ ನಾ ಅಂಜಿದೆ. ಇವತ್ತ ನಿನ್ನ ಮುಂದ ನಾಟಕ ಆಡಿದೆ. ಎರಡೂ ತಪ್ಪ.”

ಅಂಗಿಯನ್ನು ತೆಗೆದು ಹಾಕಿಕೊಂಡರು. ಗುಂಡಿ ಹಾಕುವಾಗ ಬೆರಳು ತಡವರಿಸಿತು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಬಳಿಕ ಎದ್ದು, ಮಾಡದ ಮೇಲಿಂದ ಒಂದು ವಹಿ ತಂದ. ಅದರ ತುಂಬ ಲೆಕ್ಕಗಳು. ಎರಡು ವಾರದ್ದು, ಒಬ್ಬನೇ ಕುಳಿತು ಮಾಡಿದ್ದು.

“ಮೂರನೇದು ಬರವಲ್ದ್ರಿ,” ಎಂದ.

ಮಾಸ್ತರರು ಕನ್ನಡಕ ಹುಡುಕತೊಡಗಿದರು. ಅದು ಅಂಗಿಯ ಜೇಬಿನಲ್ಲಿಯೇ ಇತ್ತು.