ಹಳೆಯ ಗಾಡಿಗೆ ಹೊಸ ಎಂಜಿನ್

ಉರಿಗಾಮಿನ ರೈಲುನಿಲ್ದಾಣಕ್ಕೆ ಅನತಿದೂರದಲ್ಲಿರುವ ಒಂದು ಹಳೆಯ ಹೆಂಚಿನ ಮನೆಯ ವಿಶಾಲವಾದ ಅಂಗಳದಲ್ಲಿ, ಹೊಂಗೆಯ ಮರದ ನೆರಳಿಗೆ, ಒಂದು ಮೋಟಾರು ಗಾಡಿಯು ಹತ್ತು ವರ್ಷಗಳಿಂದ ನಿಂತಿತ್ತು. ಅದು ಮದರಾಸಿನ ಸ್ಟ್ಯಾಂಡರ್ಡ್ ಕಂಪೆನಿಯವರು 1961ರಿಂದ ಸುಮಾರು ಹತ್ತು ವರ್ಷಗಳವರೆಗೆ ತಯಾರಿಸುತ್ತಿದ್ದ ಹೆರಾಲ್ಡ್ ಎಂಬ ಜಾತಿಯದು. ಅದರ ಮೈಕಟ್ಟನ್ನು ರೂಪಿಸಿದವನು ಇಟಲಿಯ ಮಿಕೆಲೊತ್ತಿ. ಬಾನೆಟ್ಟನ್ನು ಎತ್ತಿದರೆ ಮುಂದಿನ ಚಕ್ರಗಳ ಮೇಲುಹೊದಿಕೆಯೂ ಅದರೊಡನೆ ಮುಂದಕ್ಕೆ ಮಗುಚಿಕೊಂಡು, ಎಂಜಿನ್ನು ಮೂರು ಕಡೆಯಿಂದಲೂ ಕೈಗೆ ಸಿಕ್ಕುವುದು. ಇಂಗ್ಲೆಂಡಿನವರು ಇದೇ ಷಾಸಿಯನ್ನು ಗಿಡ್ಡಗೊಳಿಸಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಓಟದ ಗಾಡಿಯನ್ನು ಹೊರತಂದರು. ಹೆರಾಲ್ಡನ್ನು ಆ ವಂಶದ ಗೃಹಸ್ಥನೆಂದರೆ ತಪ್ಪಾಗದು.

ಮನೆಯ ಯಜಮಾನರು ಚಿನ್ನದ ಗಣಿಯ ಯಂತ್ರಶಾಲೆಯಲ್ಲಿ ಫಿಟ್ಟರಾಗಿದ್ದವರು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಕೈಯಲ್ಲಿ ಇನ್ನೂ ಕಸುವಿದ್ದಂತೆಯೇ ಮನೆಗೆ ಬಂದರು. ಗಾಡಿಯು ಅವರ ತಮ್ಮನದು. ತಮ್ಮನು ತೀರಿಕೊಂಡ ಮೇಲೆ ಅದನ್ನು ನಡೆಸಿದವರಿಲ್ಲ. ತಮ್ಮನ ಮಗನು ಉರಿಗಾಮಿನ ನೂರಾರು ಮಂದಿಯಂತೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಹಿಂದಿರುಗುವವನು. ತಂದೆಯ ಗಾಡಿಯನ್ನು ಮತ್ತೆ ಓಡಿಸಬೇಕೆಂಬ ಹಂಬಲವು ಅವನಲ್ಲಿ ಬಲವಾಗಿತ್ತು. ಆದರೆ ಎಂಜಿನ್ನು ಕೆಟ್ಟಿತ್ತು. ಸಿಲಿಂಡರುಗಳು ಸವೆದಿದ್ದವು, ಬಿಡಿಭಾಗಗಳು ದೊರೆಯುತ್ತಿರಲಿಲ್ಲ.

ಒಂದು ಭಾನುವಾರ ಅವನು ಮೆಲ್ಲನೆ ಮಾತು ತೆಗೆದನು: “ದೊಡ್ಡಪ್ಪಾ, ಮಾರುತಿ ಜಿಪ್ಸಿಯ ಎಂಜಿನ್ ಒಂದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದೆ. ಇದನ್ನು ಇಳಿಸಿ ಅದನ್ನು ಕೂರಿಸಿಬಿಡೋಣ. ನೀವು ಜೊತೆಗಿದ್ದರೆ ಆದೀತು.”

ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಿಮ್ಮಪ್ಪ ತಿರುವಿನಲ್ಲಿ ಬರುತ್ತಿರುವಾಗಲೇ ಆ ಸದ್ದು ಕೇಳಿ ನಿಮ್ಮಮ್ಮ ಕಾಫಿಗೆ ನೀರಿಡುತ್ತಿದ್ದಳು. ಸದ್ದೇ ಹೋದ ಮೇಲೆ ಅದು ಅವನ ಗಾಡಿ ಹೇಗಾಗುತ್ತದಪ್ಪಾ?” ಎಂದರು. ಹುಡುಗನಿಗೆ ಉತ್ತರ ತೋಚಲಿಲ್ಲ.

ಉತ್ತರವು ಹಿರಿಯರಿಗೇ ತಿಳಿಯದ ಸಂಗತಿಯಾಗಿರಲಿಲ್ಲ. ಅವರ ಊರಿಗೆ ಊರೇ ಒಮ್ಮೆ ಇಂಥ ಬದಲಾವಣೆಗೆ ಒಳಗಾಗಿತ್ತು. ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿದ್ದ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳಲ್ಲಿ ಮೊದಲು ಉಗಿಯಂತ್ರಗಳೇ ದುಡಿಯುತ್ತಿದ್ದವು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿಲ್ಲ. ದೂರದೇಶದಿಂದ ತರಿಸಿದ ಇದ್ದಲಿನ ಬೆಲೆಯು ಗಣಿಯ ಲಾಭವನ್ನು ತಿನ್ನುತ್ತಿತ್ತು. ಹೀಗಿರಲು ಕಾವೇರಿಯ ಶಿವನಸಮುದ್ರದ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಯೋಜನೆಯನ್ನು ಇಂಜಿನಿಯರ್ ಜೋಲಿ ದ ಲೋಬಿನಿಯೇರ್ ಸಿದ್ಧಪಡಿಸಿದನು. ದಿವಾನ್ ಶೇಷಾದ್ರಿ ಅಯ್ಯರವರು ಅದಕ್ಕೆ ಬೆಂಬಲವಾಗಿ ನಿಂತರು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪೆನಿಯಿಂದಲೂ ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದಲೂ ಬಂದವು. 1902ರಲ್ಲಿ ಶಕ್ತಿಯು 92 ಮೈಲಿಗಳ, ಅಂದರೆ ಸುಮಾರು 148 ಕಿಲೋಮೀಟರುಗಳ, ತಂತಿಯ ದಾರಿಯನ್ನು ಕ್ರಮಿಸಿ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡದ್ದು 1905ರಲ್ಲಿ. ಇದನ್ನೆಲ್ಲ ನೋಡಲು ಶೇಷಾದ್ರಿ ಅಯ್ಯರವರಿರಲಿಲ್ಲ, 1901ರಲ್ಲಿಯೇ ಕಾಲವಾಗಿದ್ದರು.

ಅದಿರನ್ನು ಪುಡಿಮಾಡುವ ಗಿರಣಿಗಳಲ್ಲಿ ಭಾರವಾದ ಕಬ್ಬಿಣದ ಒನಕೆಗಳು ಅಂದಿಗೂ ಮುಂಚಿನಂತೆಯೇ ಏರಿ ಇಳಿದವು. ಅದಿರೂ ಅದೇ, ಅದನ್ನು ಅಗೆದು ತರುತ್ತಿದ್ದ ಜನರೂ ಅವರೇ. ಒನಕೆಗಳನ್ನು ಎತ್ತುವ ಶಕ್ತಿ ಮಾತ್ರ ಬೇರೆಯಾಯಿತು. ಗಣಿಯನ್ನು ಅದರಿಂದ ಬೇರೊಂದು ಗಣಿಯೆಂದು ಯಾರೂ ಕರೆಯಲಿಲ್ಲ.

ಆದರೆ ಕೆಲಸವು ಅಲ್ಲಿಗೆ ಮುಗಿಯಲಿಲ್ಲ. ಇದ್ದಲಿನ ಹಂಗು ತಪ್ಪಿದ ಗಣಿಗೆ ಹೊಳೆಯ ಹಂಗು ಒದಗಿತು. ಬೇಸಗೆಯಲ್ಲಿ ಕಾವೇರಿ ಬಡವಾದರೆ ಶಿವನಸಮುದ್ರದ ಚಕ್ರಗಳೂ ಬಡವಾಗುತ್ತಿದ್ದವು. ನೀರನ್ನು ಹಿಡಿದಿಟ್ಟು ವರ್ಷವೆಲ್ಲ ಸಮನಾಗಿ ಬಿಡಬೇಕಾಯಿತು. 1911ರಲ್ಲಿ ಪ್ರಾರಂಭವಾದ ಕನ್ನಂಬಾಡಿಯ ಕಟ್ಟೆಯನ್ನು ಜನರು ಮಂಡ್ಯದ ಗದ್ದೆಗಳೊಡನೆ ನೆನೆಯುವುದು ಸಹಜ. ಕೋಲಾರದ ಗಣಿಗಳಿಗೆ ತಪ್ಪದೆ ಶಕ್ತಿಯನ್ನು ಒದಗಿಸುವುದೂ ಆ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು. ಉರಿಗಾಮಿನ ಒನಕೆಗೆ ಬೇರೆ ಶಕ್ತಿಯನ್ನು ಕೂಡಿಸಿದುದರಿಂದ ಮೈಸೂರಿನ ಬಳಿಯಲ್ಲಿ ಒಂದು ನದಿಯನ್ನೇ ತಡೆಯಬೇಕಾಯಿತು. ಒಂದು ಯಂತ್ರವನ್ನು ಬದಲಾಯಿಸುವವನು ಅದರೊಡನೆ ಕೂಡಿಕೊಂಡುದೆಲ್ಲಕ್ಕೂ ಉತ್ತರ ಹೇಳಬೇಕೆಂಬುದು ಇದರಿಂದ ತಿಳಿಯುತ್ತದೆ.

ಮುಂದಿನ ಭಾನುವಾರ ಹಿರಿಯರೇ ಹುಡುಗನನ್ನು ಕರೆದರು. “ಆಗಲಿ, ಕೂರಿಸೋಣ. ಆದರೆ ಮೊದಲು ಬ್ರೇಕು, ಆಮೇಲೆ ಎಂಜಿನ್ನು. ಗಾಡಿಯ ಷಾಸಿಯನ್ನು ಒಂದಂಗುಲವೂ ಕೊಯ್ಯಕೂಡದು. ನಾಳೆ ನಿನಗೆ ಬೇಡವೆನಿಸಿದರೆ ಹಳೆಯದು ಹಳೆಯ ಜಾಗಕ್ಕೆ ಬಂದು ಕೂರಬೇಕು” ಎಂದರು.

ಹುಡುಗನಿಗೆ ಬ್ರೇಕಿನ ಮಾತು ರುಚಿಸಲಿಲ್ಲ. ಆದರೆ ಲೆಕ್ಕವು ಹಿರಿಯರ ಕಡೆಗಿತ್ತು. ಹೆರಾಲ್ಡಿನ ಎಂಜಿನ್ನು 948 ಘನ ಸೆಂಟಿಮೀಟರಿನದು, ಸುಮಾರು 35 ಅಶ್ವಶಕ್ತಿಯದು. ಹೊಸದು 1298 ಘನ ಸೆಂಟಿಮೀಟರಿನದು, ಬಲದಲ್ಲಿ ಅದನ್ನು ಬಹಳ ಮೀರಿದುದು. ಹಳೆಯ ಡ್ರಮ್ ಬ್ರೇಕುಗಳನ್ನು ಮಾಡಿದ್ದು ಹಳೆಯ ವೇಗಕ್ಕೆ. ಓಡುವುದನ್ನು ಕಲಿಸಿ ನಿಲ್ಲುವುದನ್ನು ಕಲಿಸದಿದ್ದರೆ ಗಾಡಿಗೂ ಕೇಡು, ಒಳಗೆ ಕುಳಿತವನಿಗೂ ಕೇಡು. ಎರಡು ತಿಂಗಳು ಬರಿಯ ಬ್ರೇಕಿನಲ್ಲೇ ಕಳೆಯಿತು.

ಅನಂತರ ಎಂಜಿನ್ನಿನ ಸರದಿ. ಹೊಸ ಎಂಜಿನ್ನಿನ ಮೈ ಅಲ್ಯೂಮಿನಿಯಮಿನದು, ಹಳೆಯದರದು ಬೀಡುಕಬ್ಬಿಣ. ಭಾರ ಕಡಿಮೆಯಾಗಿ ಗಾಡಿಯ ಮೂಗು ಮೇಲೆದ್ದಿತು, ಸ್ಪ್ರಿಂಗುಗಳನ್ನು ತಗ್ಗಿಸಬೇಕಾಯಿತು. ಎಣ್ಣೆಯ ತೊಟ್ಟಿ ಷಾಸಿಯ ಅಡ್ಡಪಟ್ಟಿಗೆ ತಾಗಿತು. ಹುಡುಗನು ಪಟ್ಟಿಯನ್ನು ಕೊಯ್ಯಲು ಹೊರಟನು, ಹಿರಿಯರು ತೊಟ್ಟಿಯನ್ನೇ ಬೇರೆ ಆಕಾರಕ್ಕೆ ಬೆಸೆಸಿದರು. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ದಂಡವು ಉದ್ದದಲ್ಲಿ ಹೊಂದಲಿಲ್ಲ. ಅದರ ತುದಿಯ ಬಿಲ್ಲೆಯನ್ನು ಲೇತಿನಲ್ಲಿ ಹೊಸದಾಗಿ ಕಡೆಯಲಾಯಿತು. ಎಂಜಿನ್ನನ್ನು ಹೊರುವ ಕಬ್ಬಿಣದ ಕೈಗಳನ್ನು ಹಿರಿಯರು ಮೊದಲು ರಟ್ಟಿನಲ್ಲಿ ಕತ್ತರಿಸಿ, ಹಿಡಿದು ನೋಡಿ, ಆಮೇಲೆ ಉಕ್ಕಿನಲ್ಲಿ ಮಾಡಿದರು. ಎಂಜಿನ್ನು ಇಳಿದು ಕುಳಿತುದು ಒಂದು ಮಧ್ಯಾಹ್ನದಲ್ಲಿ. ಅದನ್ನು ಗಾಡಿಗೆ ಹೊಂದಿಸಲು ಹಿಡಿದುದು ಏಳು ತಿಂಗಳು.

ಈ ಭಾನುವಾರಗಳಲ್ಲಿ ಹಿರಿಯರು ಗಣಿಯ ಮಾತುಗಳನ್ನು ಆಡುತ್ತಿದ್ದರು. “ಉಗಿ ಹೋಗಿ ಕರೆಂಟು ಬಂತು, ಗಣಿ ನಡೆಯಿತು. ಕಡೆಗೆ ಕರೆಂಟು ಇತ್ತು, ಗಣಿಯೇ ನಡೆಯಲಿಲ್ಲ” ಎಂದು ಒಮ್ಮೆ ಹೇಳಿದರು. ಅದರಲ್ಲಿ ಸುಳ್ಳಿಲ್ಲ. ಇಲ್ಲಿ ಪ್ರಾರಂಭವಾದ ಬಿ. ಇ. ಎಂ. ಎಲ್. ಕಾರ್ಖಾನೆಯು ಕೆಲವರಿಗೆ ಅನ್ನ ಕೊಟ್ಟಿತು. ಉಳಿದವರನ್ನು ಬೆಳಗಿನ ರೈಲು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಒಯ್ಯುತ್ತದೆ. ಗಣಿಯ ಊರು ಮೈಯುಳ್ಳದ್ದಾಗಿ, ಎಂಜಿನ್ನು ಇಳಿಸಿದ ಗಾಡಿಯಂತೆ ಸೈನೈಡ್ ಗುಡ್ಡಗಳ ನಡುವೆ ನಿಂತಿದೆ. ಅದಕ್ಕೆ ಯಾವುದನ್ನು ಕೂರಿಸಬೇಕೆಂದು ಮಾತುಗಳು ಅನೇಕವಾಗಿ ನಡೆದಿವೆ. ಕೂಡಿಕೆಗಳನ್ನು ಕುರಿತು ಯೋಚಿಸಿದವರು ಕಡಿಮೆ.

ಎಂಜಿನ್ನಿನ ಸಂಖ್ಯೆಯು ಗಾಡಿಯ ನೋಂದಣಿ ಪತ್ರದಲ್ಲಿ ಬರೆದಿರುವುದರಿಂದ ಅದನ್ನು ಬದಲಾಯಿಸಲು ಸಾರಿಗೆ ಅಧಿಕಾರಿಗಳ ಒಪ್ಪಿಗೆ ಬೇಕು. ಅರ್ಜಿಯು ಹೋಗಿದೆ. ಒಪ್ಪಿಗೆ ಬರುವವರೆಗೆ ಗಾಡಿಯು ಗೇಟನ್ನು ದಾಟಕೂಡದೆಂದು ಹಿರಿಯರ ಆಜ್ಞೆ. ಆದರೆ ಹೆರಾಲ್ಡು 25 ಅಡಿಗಳ ವೃತ್ತದಲ್ಲಿ ತಿರುಗಬಲ್ಲ ಗಾಡಿ. ಗಾಣದೆತ್ತಿನಂತೆ ಮರವನ್ನು ಸುತ್ತಿ ಬರಲು ಅಂಗಳವೇ ಸಾಕು. ಕೆಲಸ ಮುಗಿದ ಸಂಜೆ ಹುಡುಗನು ತಾಯಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಹೊಂಗೆಯ ಮರವನ್ನು ಒಂದು ಸುತ್ತು ಸುತ್ತಿ ನಿಲ್ಲಿಸಿದನು. ಸದ್ದು ಬೇರೆಯಾಗಿತ್ತು. ತಾಯಿಯು ಬಾಗಿಲಿನ ಹಿಡಿಯನ್ನು ಸವರಿ, “ಬಾಗಿಲು ಈಗಲೂ ಒಂದೇ ಏಟಿಗೆ ಮುಚ್ಚುವುದಿಲ್ಲ” ಎಂದು ನಕ್ಕಳು.

ಹಿರಿಯರು ಆ ಹೊತ್ತಿಗೆ ಹಿತ್ತಿಲಿನಲ್ಲಿದ್ದರು. ಇಳಿಸಿದ ಎಂಜಿನ್ನಿಗೆ ಗ್ರೀಸು ಬಳಿದು, ಗೋಣಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಮಳೆಯ ನೀರು ತಾಗದಂತೆ ಪೆಟ್ಟಿಗೆಯ ಕೆಳಗೆ ನಾಲ್ಕು ಇಟ್ಟಿಗೆಗಳನ್ನು ಕೊಡುತ್ತಿದ್ದರು.