ನಿಧಾನದವರು ಮುಂದೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕಟ್ಟಿದವರು ಬೆಟ್ಟವನ್ನು ಹತ್ತಿ ಇಳಿದವರೇ ಇರಬೇಕು. ನಲವತ್ತೆಂಟು ವರ್ಷ ಆ ಗಾದೆಯನ್ನು ನಾನು ಬಾಯಿಂದ ಮಾತ್ರ ಬಲ್ಲೆನು. 2014ರ ಜನವರಿಯಲ್ಲಿ ನನ್ನ ಕಾಲುಗಳೂ ಅದನ್ನು ಕಲಿತವು.

ನಮ್ಮ ಯಜಮಾನರೂ ಮಗಳೂ ಅವಳ ಗೆಳತಿಯರೂ ಕುಮಾರ ಪರ್ವತಕ್ಕೆ ಹೊರಟಿದ್ದರು. "ನೀನು ಸುಬ್ರಹ್ಮಣ್ಯದಲ್ಲಿ ದೇವರ ದರ್ಶನ ಮಾಡಿಕೊಂಡು ಛತ್ರದಲ್ಲಿ ಆರಾಮವಾಗಿರು" ಎಂದರು ಯಜಮಾನರು. ಮಾತಿನಲ್ಲಿ ಅಕ್ಕರೆಯೇ ಇತ್ತು. ಆದರೆ ಮದುವೆಯಾದಂದಿನಿಂದ ಜಾತ್ರೆಯಲ್ಲಾಗಲಿ ಪೇಟೆಯಲ್ಲಾಗಲಿ ಅವರ ಬೆನ್ನನ್ನೇ ನೋಡುತ್ತ ನಡೆದವಳು ನಾನು. ಈ ಸಲ ಆ ಬೆನ್ನೂ ಕಾಣದಂತಾಗುವುದು ಮನಸ್ಸಿಗೆ ಒಪ್ಪಲಿಲ್ಲ. ಮಗಳು ಒಂದು ಮಾತೂ ಆಡದೆ ನನ್ನ ಅಳತೆಯ ಬೂಟುಗಳನ್ನು ತಂದಿಟ್ಟಳು.

ಕುಮಾರ ಪರ್ವತದ ಎತ್ತರ 1,712 ಮೀಟರು. ಸುಬ್ರಹ್ಮಣ್ಯದಿಂದ ಹೊರಟ ದಾರಿ ಮೊದಲು ದಟ್ಟವಾದ ಕಾಡಿನೊಳಗೆ ಏರುತ್ತದೆ, ಬೇರುಗಳೇ ಮೆಟ್ಟಿಲು. ಏರು ಆರಂಭವಾಗುವಲ್ಲಿಯೇ ನಮ್ಮ ಮುಂದಾಳು ತರುಣನು, "ಅಮ್ಮಾ, ನೀವು ಎಲ್ಲರಿಗಿಂತ ಮುಂದೆ ನಡೆಯಿರಿ" ಎಂದನು. ಕಾರಣವನ್ನೂ ಹೇಳಿದನು: ನಿಧಾನವಾಗಿ ನಡೆಯುವವರು ಹಿಂದೆ ಉಳಿದರೆ, ಅವರು ಬಂದು ಸೇರುವ ವೇಳೆಗೆ ಉಳಿದವರ ದಣಿವು ಆರಿರುತ್ತದೆ; ಎಲ್ಲರೂ ಮತ್ತೆ ಹೊರಡುತ್ತಾರೆ. ಹೆಚ್ಚು ದಣಿದವರಿಗೇ ವಿಶ್ರಾಂತಿ ಇಲ್ಲದಂತಾಗುತ್ತದೆ.

ಇಷ್ಟು ಸರಳವಾದ ನ್ಯಾಯವನ್ನು ಯಾವ ಮನೆಯಲ್ಲಿಯೂ ನಾನು ಕಂಡಿರಲಿಲ್ಲ.

ಆ ರಾತ್ರಿ ಗಿರಿಗದ್ದೆಯಲ್ಲಿ ಡೇರೆ ಹಾಕಿದೆವು. ಹೊದೆಯುವುದಕ್ಕಿಂತ ಹಾಸುವುದೇ ಮುಖ್ಯವೆಂದು ಅಂದು ತಿಳಿಯಿತು: ತಣ್ಣನೆಯ ನೆಲ ಮೈಯ ಬಿಸಿಯನ್ನು ಕೆಳಗಿನಿಂದಲೇ ಹೀರಿಬಿಡುತ್ತದೆ. ಮುಂಜಾನೆ ಡೇರೆಯ ಒಳಮೈಯೆಲ್ಲ ಹನಿಗಳು. ಮಂಜು ಸೋರಿತೆಂದುಕೊಂಡರೆ, ಅದು ನಮ್ಮದೇ ಉಸಿರು, ಚಳಿಗೆ ನೀರಾದದ್ದು!

ಮರುದಿನದ ದಾರಿ ಹುಲ್ಲುಗಾವಲಿನದು; ನೆರಳೆಂಬುದಿಲ್ಲ. ಕಲ್ಲುಮಂಟಪದಲ್ಲಿ ಕುಳಿತು ಅವಲಕ್ಕಿ ತಿಂದೆವು. ಶೇಷ ಪರ್ವತವನ್ನು ಏರಿ, ಶೋಲಾ ಕಾಡಿಗೆ ಇಳಿದು, ಮತ್ತೆ ಬಂಡೆಯನ್ನು ಹಿಡಿದು ಹತ್ತಬೇಕು. ಆ ಬಂಡೆಯ ಬಳಿ ಹಿಂದಿನಿಂದ ಯಜಮಾನರ ದನಿ ಕೇಳಿತು: "ಸ್ವಲ್ಪ ನಿಲ್ಲುತ್ತೀಯೇನೇ?" ಅವರ ಉಸಿರಿನ ಸದ್ದು ನನಗೆ ಕೇಳುತ್ತಿತ್ತು. ನಾನು ನಿಂತೆನು. ಅವರ ದಣಿವು ಆರಿದ ಮೇಲೆಯೇ ಹೊರಟೆನು.

ಶಿಖರದಲ್ಲಿ ಗಾಳಿಯೂ ಮೋಡವೂ ಧಾರಾಳವಾಗಿದ್ದವು. ಇಳಿಯುವಾಗ ಮೊಣಕಾಲುಗಳು ತಮ್ಮ ದೂರನ್ನು ಸಲ್ಲಿಸಿದವು. ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆಹಿಡಿಯಬೇಕಾದ ಇಳಿಜಾರು ಏರಿಗಿಂತ ಕಠಿನ. ಅಲ್ಲಿಯೂ ನನ್ನ ನಡಿಗೆಯೇ ಎಲ್ಲರ ನಡಿಗೆಯಾಯಿತು.

ಈ ಬೆಟ್ಟಕ್ಕೆ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಮಳೆಗಾಲ ಕಳೆದ ಮೇಲೆ ಹೊರಡಿರಿ. ನೀರನ್ನು ಹೆಚ್ಚಾಗಿಯೂ ಬಟ್ಟೆಯನ್ನು ಕಡಿಮೆಯಾಗಿಯೂ ಒಯ್ಯಿರಿ. ನಿಮ್ಮ ಮನೆಯಲ್ಲಿ ನಿಧಾನವಾಗಿ ನಡೆಯುವವರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಛತ್ರದಲ್ಲಿ ಕೂರಿಸಿ ಹೋಗಬೇಡಿರಿ. ಎಲ್ಲರಿಗಿಂತ ಮುಂದೆ ನಡೆಸಿರಿ.